ಉಬ್ಬು ತೆಗೆಸಲು ಬಂದವರ ಮೂಗಿನ ತುದಿ ಎತ್ತಿದ್ದು ಯಾಕೆ: ಒಂದು ರೈನೋಪ್ಲಾಸ್ಟಿ ಯೋಜನೆಯ ಪ್ರಕರಣ ಅಧ್ಯಯನ

ಮೂಗಿನ ಆಕಾರ ತಿದ್ದುವ ಆಪರೇಷನ್ ಓಟಿಯೊಳಗೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚಿನ ಫೋಟೊ, ಅಳತೆ, ಮಾತುಕತೆ, ಮತ್ತೆ ಅಳತೆ ತಿಂಗಳುಗಟ್ಟಲೆ ಹಿಡಿಯಬಹುದು. ಈ ಪ್ರಕರಣದಲ್ಲಿ ಆರು ತಿಂಗಳು ಹಿಡಿಯಿತು. ಮೊದಲ ದಿನ ಚೀಟಿಯಲ್ಲಿ ಬರೆದದ್ದಕ್ಕೂ ಕೊನೆಗೆ ಮಾಡಿದ್ದಕ್ಕೂ ಹೆಚ್ಚಿನ ಹೋಲಿಕೆ ಉಳಿಯಲಿಲ್ಲ. ಗುರುತು ಬಿಟ್ಟುಕೊಡಬಹುದಾದ ವಿವರಗಳನ್ನು ಇಲ್ಲಿ ಬದಲಿಸಲಾಗಿದೆ.

ಹಿನ್ನೆಲೆ

ಇಪ್ಪತ್ತೇಳು ವರ್ಷದ ಹೈಸ್ಕೂಲ್ ಶಿಕ್ಷಕಿ. ಒಂಬತ್ತನೇ ವಯಸ್ಸಿನಲ್ಲಿ ಉಯ್ಯಾಲೆಯ ಹಲಗೆ ಮುಖಕ್ಕೆ ಬಡಿದು ಮೂಗಿನಿಂದ ರಕ್ತ ಬಂದಿತ್ತು. ಊರಿನಲ್ಲೇ ಐಸ್ ಇಟ್ಟು, ಊತ ಇಳಿದ ಮೇಲೆ ಮರೆತುಬಿಟ್ಟಿದ್ದರು. ಹದಿನಾಲ್ಕು ಹದಿನೈದರ ಹೊತ್ತಿಗೆ ಮೂಗಿನ ನಡುವೆ ಉಬ್ಬು ಕಾಣಿಸಿಕೊಂಡು, ಮೂಗು ನಿಧಾನವಾಗಿ ಬಲಕ್ಕೆ ವಾಲಿತು. ಬಾಲ್ಯದ ಪೆಟ್ಟಿನ ಸ್ವಭಾವವೇ ಇದು. ಪೆಟ್ಟಾದ ದಿನ ಮೂಗು ನೆಟ್ಟಗೇ ಕಾಣಬಹುದು. ಬಿರುಕು ಬಿಟ್ಟ ಮೃದ್ವಸ್ಥಿ (ಬಾಗುವಷ್ಟು ಮೆತ್ತನೆಯ ಎಲುಬು, ಕಾರ್ಟಿಲೇಜ್) ಪ್ರಾಯದಲ್ಲಿ ಬೆಳೆಯುವಾಗ ಒಂದು ಕಡೆ ಎಳೆದುಕೊಂಡು ಸೊಟ್ಟಗಾಗುತ್ತದೆ.

ಏಪ್ರಿಲ್ ಎರಡನೇ ವಾರ ತಾಯಿಯ ಜೊತೆ ಬಂದರು. ಬೇಸಿಗೆ ರಜೆಯಲ್ಲೇ ಆಪರೇಷನ್ ಮುಗಿಸಿ, ಶಾಲೆ ತೆರೆಯುವಷ್ಟರಲ್ಲಿ ಸರಿಹೋಗಬೇಕು, ಆಷಾಢ ಕಳೆದರೆ ಗಂಡಿನ ಕಡೆಯವರು ನೋಡಲು ಬರುತ್ತಾರೆ ಎಂಬುದು ಮನೆಯವರ ಲೆಕ್ಕ. ಮಾತು ಶುರು ಮಾಡಿದ್ದೇ ತಾಯಿ: "ಡಾಕ್ಟ್ರೇ, ಆ ಗಂಟೊಂದು ತೆಗೆದುಬಿಟ್ರೆ ಸಾಕು. ಬೇರೇನೂ ಮುಟ್ಟೋದು ಬೇಡ."

ಮಗಳು ತಲೆಯಾಡಿಸಿದರೇ ಹೊರತು ಮಾತಾಡಲಿಲ್ಲ. ಇಂಥ ಸಂದರ್ಭದಲ್ಲಿ ರೋಗಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳುವುದು ಒಳ್ಳೆಯ ಪದ್ಧತಿ. "ಅಮ್ಮಾ, ಒಂದೈದು ನಿಮಿಷ ಹೊರಗೆ ಕೂತಿರ್ತೀರಾ?" ಎಂದು ತಾಯಿಯನ್ನು ಕಳಿಸಿದ ಮೇಲೆ ಬಂದ ಮಾತು ಬೇರೆಯೇ ಆಗಿತ್ತು: "ಉಬ್ಬು ನನಗೆ ಅಷ್ಟೊಂದು ಬೇಜಾರಿಲ್ಲ ಡಾಕ್ಟ್ರೇ. ನಕ್ಕಾಗ ಮೂಗು ತುಟಿ ಮೇಲೆ ಬಂದು ಕೂತ್ಕೊಳ್ಳುತ್ತೆ, ಕ್ಲಾಸಲ್ಲಿ ಮಕ್ಕಳು ಅದನ್ನೇ ಅಣಕಿಸ್ತಾರೆ. ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿ ಬೆಳಗ್ಗೆ ಪಾಠ ಮಾಡೋಕೆ ಗಂಟಲೇ ಇರಲ್ಲ."

ಇಡೀ ಯೋಜನೆಯ ದಿಕ್ಕು ತಿರುಗಿದ್ದು ಈ ಎರಡು ವಾಕ್ಯಗಳಿಂದ. ತುದಿ ಇಳಿಯುವುದು, ಉಸಿರು ಕಟ್ಟುವುದು: ಎರಡಕ್ಕೂ ಬೇರು ಒಂದೇ ಜಾಗದಲ್ಲಿರಬಹುದು ಎಂಬ ಅನುಮಾನ ಅಲ್ಲೇ ಹುಟ್ಟಿತು. ದಿನಕ್ಕೆ ಎಷ್ಟು ಹೊತ್ತು ಮೂಗಿನ ಬಗ್ಗೆ ಯೋಚಿಸುತ್ತೀರಿ, ಕನ್ನಡಿ ಕಂಡರೆ ತಪ್ಪಿಸಿಕೊಳ್ಳುತ್ತೀರಾ, ಇದಕ್ಕಾಗಿ ಕೆಲಸಕ್ಕೆ, ಸಮಾರಂಭಕ್ಕೆ ಹೋಗುವುದು ಬಿಟ್ಟಿದ್ದೀರಾ, ಎಷ್ಟು ವೈದ್ಯರನ್ನು ಕಂಡಿದ್ದೀರಿ ಎಂದು ಕೇಳುವುದೂ ಇದೇ ಖಾಸಗಿ ಮಾತುಕತೆಯಲ್ಲಿ. ತನ್ನ ರೂಪದ ಬಗ್ಗೆ ಗೀಳಿನ ಮಟ್ಟದ ಚಿಂತೆ ಇರುವವರಿಗೆ ಎಷ್ಟೇ ಚೆನ್ನಾಗಿ ಆಪರೇಷನ್ ಮಾಡಿದರೂ ಸಮಾಧಾನ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಮನೋವೈದ್ಯರ ನೆರವು. ಈಕೆಯಲ್ಲಿ ಅಂಥ ಲಕ್ಷಣ ಇರಲಿಲ್ಲ.

ಅಳತೆಗಳು ಹೇಳಿದ್ದು

ತಾಯಿ ಫೋನಿನಲ್ಲಿ ಮಗಳ ಸೆಲ್ಫಿಗಳನ್ನು ತೋರಿಸಿದ್ದರು. ಅವನ್ನು ಪಕ್ಕಕ್ಕಿಡಲೇಬೇಕು. ಮುಖದಿಂದ 30 ಸೆಂ.ಮೀ ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ, ಕ್ಯಾಮೆರಾಗೆ ಹತ್ತಿರವಿರುವ ಮೂಗು ಮುಖದ ಅಗಲಕ್ಕೆ ಹೋಲಿಸಿದರೆ ಸುಮಾರು ಶೇ. 30ರಷ್ಟು ಹೆಚ್ಚು ಅಗಲವಾಗಿ ಕಾಣುತ್ತದೆ. ಯೋಜನೆಗೆ ಬೇಕಾದ ಫೋಟೊಗಳನ್ನು ಒಂದೂವರೆ ಮೀಟರ್ ದೂರದಿಂದ, 85ರಿಂದ 105 ಮಿ.ಮೀ ಲೆನ್ಸಿನಲ್ಲಿ, ಎರಡೂ ಬದಿಯಿಂದ ಸಮನಾದ ಬೆಳಕಿಟ್ಟು ತೆಗೆಯುತ್ತಾರೆ. ಕಣ್ಣಿನ ಗುಳಿಯ ಕೆಳಅಂಚಿನಿಂದ ಕಿವಿಯ ರಂಧ್ರದ ಮೇಲಂಚಿಗೆ ಎಳೆದ ಗೆರೆ ನೆಲಕ್ಕೆ ಸಮಾನಾಂತರವಾಗಿರಬೇಕು. ಗದ್ದ ತುಸು ಎತ್ತಿದರೂ ಬಿದ್ದ ತುದಿ ಎದ್ದಂತೆ ಕಂಡು ಕೋನದ ಅಳತೆಯೆಲ್ಲ ಹಾಳಾಗುತ್ತದೆ. ಮುಂದಿನಿಂದ, ಎರಡೂ ಪಕ್ಕದಿಂದ, ಎರಡೂ ಓರೆಯಿಂದ, ಕೆಳಗಿನಿಂದ, ತಲೆ ತಗ್ಗಿಸಿ ಮೇಲಿನಿಂದ, ಕೊನೆಗೆ ಪಕ್ಕದಿಂದ ನಗುವಾಗ. ಈ ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಇಲ್ಲಿ ಬಿಟ್ಟಿದ್ದರೆ ಪ್ರಕರಣದ ಮುಖ್ಯ ದೋಷವೇ ಕಣ್ಣಿಗೆ ಬೀಳುತ್ತಿರಲಿಲ್ಲ.

ಪಕ್ಕದ ಫೋಟೊದಲ್ಲಿ ಮೂಗು ಶುರುವಾಗುವ ಜಾಗದಿಂದ ತುದಿಗೆ ಗೆರೆ ಎಳೆದರೆ ಉಬ್ಬು 4 ಮಿ.ಮೀ ಮೇಲಿತ್ತು. ನೋಡಿದ ತಕ್ಷಣ 4 ಮಿ.ಮೀ ಅರೆದುಬಿಡೋಣ ಅನಿಸುತ್ತದೆ. ಆದರೆ ಆ ಗೆರೆಯ ಎರಡು ತುದಿಗಳೇ ತಪ್ಪು ಜಾಗದಲ್ಲಿದ್ದವು. ಹುಬ್ಬುಗಳ ನಡುವೆ ಮೂಗು ಏಳುವ ಜಾಗಕ್ಕೆ ರೇಡಿಕ್ಸ್ ಎನ್ನುತ್ತಾರೆ. ಅದರ ಅತಿ ತಗ್ಗಿನ ಬಿಂದು ಸಾಮಾನ್ಯವಾಗಿ ಮೇಲಿನ ರೆಪ್ಪೆಯ ಕೂದಲಿನ ಮಟ್ಟದಿಂದ ರೆಪ್ಪೆಯ ಮಡಿಕೆಯ ಮಟ್ಟದವರೆಗೆ ಎಲ್ಲಾದರೂ ಇರುತ್ತದೆ. ಈಕೆಯಲ್ಲಿ ಅದು ಕಣ್ಣಿನ ಪಾಪೆಯ ನಡುಮಟ್ಟಕ್ಕೆ ಇಳಿದಿತ್ತು, ಆಳವೂ ಆಗಿತ್ತು. ಇನ್ನೊಂದು ಕೊನೆಯಲ್ಲಿ ತುದಿ ಮುಂದೆ ಚಾಚಬೇಕಾದಷ್ಟು ಚಾಚಿರಲಿಲ್ಲ: ಮೂಗಿನ ಉದ್ದ 50 ಮಿ.ಮೀ, ಕೆನ್ನೆಯ ಮಟ್ಟದಿಂದ ತುದಿಯ ಚಾಚು 26 ಮಿ.ಮೀ. ಚಾಚನ್ನು ಉದ್ದದಿಂದ ಭಾಗಿಸಿದರೆ 0.52. ಗೂಡ್ ಅನುಪಾತ ಎಂದು ಕರೆಯುವ ಈ ಲೆಕ್ಕ 0.55ರಿಂದ 0.60ರ ನಡುವೆ ಇದ್ದರೆ ಮೂಗು ಹದವಾಗಿ ಕಾಣುತ್ತದೆ. ಮೇಲ್ದುಟಿಗೂ ಮೂಗಿನ ತಳಕ್ಕೂ ನಡುವಿನ ಕೋನ 84 ಡಿಗ್ರಿ. ಹೆಂಗಸರಲ್ಲಿ 95ರ ಮೇಲಿದ್ದರೆ ತುದಿ ಬಿದ್ದಂತೆ ಕಾಣುವುದಿಲ್ಲ. ನಕ್ಕಾಗ ಅದೇ ಕೋನ 76ಕ್ಕೆ ಇಳಿಯುತ್ತಿತ್ತು. ಮೇಲೂ ತಗ್ಗು, ಕೆಳಗೂ ತಗ್ಗು. ನಡುವೆ ಇರುವ ಸಾಧಾರಣ ಏಣು ಬೆಟ್ಟದಂತೆ ಕಾಣುತ್ತಿತ್ತು. ರೇಡಿಕ್ಸನ್ನು ಒಂದೂವರೆ ಮಿ.ಮೀ, ತುದಿಯ ಚಾಚನ್ನು ಎರಡು ಮಿ.ಮೀ ಎತ್ತಿ ಗೆರೆಯನ್ನು ಮತ್ತೆ ಎಳೆದರೆ ನಿಜವಾಗಿ ತೆಗೆಯಬೇಕಾದ ಉಬ್ಬು ಉಳಿದದ್ದು ಎರಡು ಮಿ.ಮೀ ಚಿಲ್ಲರೆ ಮಾತ್ರ.

ಚರ್ಮದ ದಪ್ಪವೂ ಈ ನಿರ್ಧಾರವನ್ನೇ ಬಲಪಡಿಸಿತು. ಬೆರಳಲ್ಲಿ ಚಿವುಟಿದರೆ ತುದಿಯ ಮೇಲ್ಭಾಗದ ಚರ್ಮ ದಪ್ಪ, ಎಣ್ಣೆಣ್ಣೆ, ಅಲ್ಲಲ್ಲಿ ಮೊಡವೆಯ ಕಲೆ. ದಪ್ಪ ಚರ್ಮದ ಕೆಳಗೆ ಚೌಕಟ್ಟನ್ನು ಸಣ್ಣದು ಮಾಡಿದರೆ ಚರ್ಮ ಅದಕ್ಕೆ ತಕ್ಕಂತೆ ಕುಗ್ಗಿ ಕೂರುವುದಿಲ್ಲ. ನಡುವೆ ಖಾಲಿ ಜಾಗ ಉಳಿದು, ಅದರಲ್ಲಿ ಗಾಯದ ಅಂಗಾಂಶ ತುಂಬಿ, ತುದಿಯ ಮೇಲೆ ಗಿಳಿಯ ಕೊಕ್ಕಿನಂಥ ಉಬ್ಬು ಮೂಡುತ್ತದೆ. ಪಾಲಿಬೀಕ್ ಎಂಬ ಹೆಸರು ಬಂದದ್ದೇ ಇದರಿಂದ. ಒಂದು ಉಬ್ಬು ತೆಗೆಸಿಕೊಂಡು ಅರ್ಧ ಅಂಗುಲ ಕೆಳಗೆ ಇನ್ನೊಂದನ್ನು ಹೊತ್ತು ಬರುವವರ ಕಥೆ ಬಹುಪಾಲು ಹೀಗೇ. ದಪ್ಪ ಚರ್ಮಕ್ಕೆ ಬೇಕಾದದ್ದು ಒಳಗಿನಿಂದ ಅದನ್ನು ಬಿಗಿಯಾಗಿ ತಳ್ಳುವ ಗಟ್ಟಿ ಚೌಕಟ್ಟು.

ಹೊಳ್ಳೆಗಳ ಬುಡದ ಅಗಲ 39 ಮಿ.ಮೀ, ಕಣ್ಣುಗಳ ಒಳಮೂಲೆಗಳ ನಡುವಿನ ದೂರ 33 ಮಿ.ಮೀ. ಎರಡೂ ಸಮನಾಗಿರಬೇಕು ಎಂಬ ಸೂತ್ರ ಪುಸ್ತಕಗಳಲ್ಲಿದೆ. ಅದು ಐರೋಪ್ಯ ಮುಖಗಳನ್ನು ಮುಂದಿಟ್ಟುಕೊಂಡು ಮಾಡಿದ ಸೂತ್ರ. ದಕ್ಷಿಣ ಭಾರತದ ಮುಖಗಳಲ್ಲಿ ಬುಡ ಇದಕ್ಕಿಂತ ಅಗಲ ಇರುವುದೇ ಸಹಜ, ಅದನ್ನು ದೋಷವೆಂದು ಬರೆದುಕೊಳ್ಳುವ ಅಗತ್ಯವಿಲ್ಲ. ತುದಿ ಮುಂದೆ ಚಾಚಿದಾಗ ಹೊಳ್ಳೆಗಳೂ ತುಸು ಒಳಗೆ ಸರಿಯುವುದರಿಂದ ಬುಡ ಕಿರಿದು ಮಾಡುವ ಮಾತನ್ನು ಕೊನೆಗೆ ಮುಂದೂಡಲಾಯಿತು. ಎಡಹೊಳ್ಳೆಯಲ್ಲಿ ಮೂಗುಬೊಟ್ಟಿನ ರಂಧ್ರ ಇತ್ತು. ಅದರ ಜಾಗವನ್ನೂ ಅಳೆದು ಬರೆದುಕೊಂಡರು, ಯಾಕೆಂದರೆ ತುದಿಯ ಮೃದ್ವಸ್ಥಿ ತಲುಪಲು ಹೊಳ್ಳೆಯೊಳಗೆ ಕೊಯ್ಯುವ ಗೆರೆ ರಂಧ್ರದೊಳಗೆ ಹಾಯಬಾರದು.

ಉಸಿರಿನ ಲೆಕ್ಕ

ಉಸಿರಾಟದ ತೊಂದರೆಯನ್ನು ಅಂಕಿಯಲ್ಲಿ ಹಿಡಿಯಲು ನೋಸ್ ಎಂಬ ಐದು ಪ್ರಶ್ನೆಗಳ ಪಟ್ಟಿ ಇದೆ. ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು ಮೊತ್ತವನ್ನು 5ರಿಂದ ಗುಣಿಸಿದರೆ 100ಕ್ಕೆ ಎಷ್ಟು ಎಂದು ಸಿಗುತ್ತದೆ. ಈಕೆಗೆ ಬಂದದ್ದು 75.

ಒಳಗೆ ನೋಡಿದಾಗ ಹೊಳ್ಳೆಗಳ ನಡುವಿನ ಗೋಡೆ, ಅಂದರೆ ಸೆಪ್ಟಮ್, ತನ್ನ ಮುಂದಿನ ಅಂಚಿನಲ್ಲಿ ತಳದ ಎಲುಬಿನ ಮುಳ್ಳಿನಿಂದ ಜಾರಿ ಎಡಹೊಳ್ಳೆಗೆ ಬಂದು ಕೂತಿತ್ತು. ಮೂಗಿನ ತುದಿ ನಿಂತಿರುವುದೇ ಈ ಗೋಡೆಯ ಮುಂದಂಚಿನ ಆಸರೆಯಲ್ಲಿ. ಕಂಬವೇ ಪಕ್ಕಕ್ಕೆ ಜಾರಿದರೆ ಸೂರು ಕುಸಿಯುವುದು ಸಹಜ. ಮೊದಲ ದಿನದ ಅನುಮಾನ ನಿಜವಾಯಿತು. ಕೆನ್ನೆಯನ್ನು ಹೊರಕ್ಕೆಳೆದರೆ ಎಡಬದಿಯ ಉಸಿರು ಸಲೀಸಾಗುತ್ತಿತ್ತು. ಆದರೆ ಕಾಟಲ್ ಪರೀಕ್ಷೆ ಎಂಬ ಇದು ತೀರಾ ಒರಟು, ಎಂಥ ಮೂಗಿಗೂ ಸ್ವಲ್ಪ ಹಿತ ಕೊಡುತ್ತದೆ. ಹಾಗಾಗಿ ಕಿವಿಗೆ ಬಳಸುವ ಕ್ಯುರೆಟ್ ಎಂಬ ಸಣ್ಣ ಚಮಚದಂಥ ಸಲಕರಣೆ ಒಳಗಿಟ್ಟು ಒಂದೊಂದೇ ಜಾಗಕ್ಕೆ ಆಸರೆ ಕೊಟ್ಟು ನೋಡಿದರು. ಹೊಳ್ಳೆಯ ಅಂಚಿಗೆ ಆಸರೆ ಕೊಟ್ಟಾಗ ಏನೂ ಬದಲಾಗಲಿಲ್ಲ. ಅದಕ್ಕಿಂತ ಮೇಲೆ, ಪಕ್ಕದ ಮೃದ್ವಸ್ಥಿ ಸೆಪ್ಟಮ್ಮಿಗೆ ಸೇರುವ ಇಕ್ಕಟ್ಟಿನ ಕೋನಕ್ಕೆ ಆಸರೆ ಕೊಟ್ಟಾಗ ಎಡಗಡೆ ಗಾಳಿ ನುಗ್ಗಿತು. ಒಳಕವಾಟ ಎನ್ನುವ ಈ ಜಾಗವನ್ನು ಅಗಲಿಸಲು ಸೆಪ್ಟಮ್ ಮತ್ತು ಪಕ್ಕದ ಮೃದ್ವಸ್ಥಿಯ ನಡುವೆ ಬೆಣೆಯಂತೆ ಒಂದು ಪಟ್ಟಿ ಸೇರಿಸಬೇಕು. ಅದಕ್ಕೆ ಸ್ಪ್ರೆಡರ್ ಗ್ರಾಫ್ಟ್ ಎಂದು ಹೆಸರು. ಉಬ್ಬು ಮಾತ್ರ ಅರೆದು ಈ ಪಟ್ಟಿ ಇಡದೆ ಬಿಟ್ಟಿದ್ದರೆ ಕವಾಟ ಇನ್ನಷ್ಟು ಕುಸಿದು ಉಸಿರು ಪೂರ್ತಿ ಕಟ್ಟುತ್ತಿತ್ತು. ಹೊರಗಿನಿಂದ ನೋಡಿದರೆ ಮೂಗಿನ ನಡುವೆ ತಲೆಕೆಳಗಾದ ವಿ ಆಕಾರದ ನೆರಳೂ ಬೀಳುತ್ತಿತ್ತು.

ಬಲಗಡೆ ಕೆಳಗಿನ ಟರ್ಬಿನೇಟ್, ಅಂದರೆ ಮೂಗಿನ ಪಕ್ಕದ ಗೋಡೆಯಿಂದ ಒಳಗೆ ಚಾಚಿದ ಮಡಿಕೆ, ಊದಿಕೊಂಡು ದಾರಿ ಮುಚ್ಚಿತ್ತು. ಯಾವ ಔಷಧಿ ಬಳಸುತ್ತೀರಿ ಎಂದರೆ ಮೊದಲು "ಯಾವುದೂ ಇಲ್ಲ" ಎಂಬ ಉತ್ತರ. ಮೂಗಿಗೆ ಡ್ರಾಪ್ಸ್ ಹಾಕ್ತೀರಾ ಎಂದು ಬಿಡಿಸಿ ಕೇಳಿದಾಗ, ಎರಡು ವರ್ಷದಿಂದ ಪ್ರತಿ ರಾತ್ರಿ ಝೈಲೋಮೆಟಜೋಲಿನ್ ಹಾಕಿಕೊಳ್ಳುತ್ತಿರುವುದು ಗೊತ್ತಾಯಿತು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವುದನ್ನು ಜನ ಔಷಧಿ ಎಂದೇ ಎಣಿಸುವುದಿಲ್ಲ. ಈ ಡ್ರಾಪ್ಸ್ ವಾರಕ್ಕಿಂತ ಹೆಚ್ಚು ಬಳಸಿದರೆ ಅದರ ಪರಿಣಾಮ ಇಳಿದಾಗಲೆಲ್ಲ ಟರ್ಬಿನೇಟ್ ಮೊದಲಿಗಿಂತ ಹೆಚ್ಚು ಊದುತ್ತದೆ. ಮೂಗು ಕಟ್ಟುವುದಕ್ಕೆ ಔಷಧಿಯೇ ಕಾರಣವಾಗಿರುತ್ತದೆ.

ಬೇಸಿಗೆಯ ತಾರೀಕು ತಪ್ಪಿದ್ದು ಇಲ್ಲೇ. ಊದಿದ ಟರ್ಬಿನೇಟನ್ನು ಕಂಡ ಸ್ಥಿತಿಯಲ್ಲೇ ಕತ್ತರಿಸಿದರೆ, ಆಮೇಲೆ ಡ್ರಾಪ್ಸ್ ಬಿಟ್ಟಾಗ ಉಳಿದದ್ದು ಕುಗ್ಗಿ ಮೂಗು ಬರಿದಾಗಿ ಒಣಗುವ ಅಪಾಯ ಇರುತ್ತದೆ. ಆದ್ದರಿಂದ ಮೊದಲು ಒಂದು ಹೊಳ್ಳೆಯಲ್ಲಿ, ವಾರದ ನಂತರ ಇನ್ನೊಂದರಲ್ಲಿ ಡ್ರಾಪ್ಸ್ ನಿಲ್ಲಿಸಿ, ದಿನಕ್ಕೊಮ್ಮೆ ಮೊಮೆಟಜೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತ ಕೊಟ್ಟು, ಆರು ವಾರದ ನಂತರ ಬರಲು ಹೇಳಿದರು. ಮನೆಯವರಿಗೆ ಸಿಟ್ಟು ಬಂತು. ಇನ್ನೊಂದು ಕಡೆ ಮುಂದಿನ ವಾರವೇ ಮಾಡಿಕೊಡುತ್ತೇವೆ ಎಂದಿದ್ದಾರೆ ಎಂದೂ ಹೇಳಿದರು. ಜೂನ್ ಮೊದಲ ವಾರ ಮತ್ತೆ ಬಂದಾಗ ಅಂಕ 60ಕ್ಕೆ ಇಳಿದಿತ್ತು, ಬಲಗಡೆಯ ಟರ್ಬಿನೇಟ್ ಅರ್ಧಕ್ಕರ್ಧ ಕುಗ್ಗಿತ್ತು. ಅದನ್ನು ಕತ್ತರಿಸುವ ಭಾಗ ಯೋಜನೆಯಿಂದ ಹೊರಬಿತ್ತು. ಹೊರಕ್ಕೆ ಒತ್ತಿ ಜಾಗ ಮಾಡಿದರೆ ಸಾಕು. ಆಪರೇಷನ್ ದಸರಾ ರಜೆಗೆ ಗೊತ್ತಾಯಿತು.

ಚಿತ್ರದ ಮೇಲಿನ ಮೂಗು

ಕಂಪ್ಯೂಟರಿನಲ್ಲಿ ಪಕ್ಕದ ಫೋಟೊ ತಿದ್ದಿ ಎರಡು ಚಿತ್ರ ಮಾಡಲಾಯಿತು. ಒಂದರಲ್ಲಿ ಉಬ್ಬನ್ನು 4 ಮಿ.ಮೀ ಇಳಿಸಿ ಉಳಿದದ್ದನ್ನು ಹಾಗೇ ಬಿಟ್ಟದ್ದು, ಇನ್ನೊಂದರಲ್ಲಿ ರೇಡಿಕ್ಸ್, ತುದಿ ಎತ್ತಿ ಉಬ್ಬನ್ನು ಎರಡು ಮಿ.ಮೀ ಚಿಲ್ಲರೆ ಮಾತ್ರ ಇಳಿಸಿದ್ದು. ಯಾವುದರಲ್ಲಿ ಏನು ಮಾಡಿದೆ ಎಂದು ಹೇಳದೆ ತೋರಿಸಿದಾಗ ಆಕೆ ಎರಡನೆಯದನ್ನು ಆರಿಸಿದರು. ಮೊದಲನೆಯದನ್ನು ನೋಡಿ "ಮುಖ ಚಪ್ಪಟೆಯಾಯ್ತಲ್ಲ" ಎಂದರು. ಚಿತ್ರದ ಕೆಳಗೆ ಇದು ಮಾತಾಡಲು ಮಾಡಿದ ಚಿತ್ರ, ಭರವಸೆಯಲ್ಲ ಎಂದು ಬರೆದು ಸಹಿ ಹಾಕಿಸಿಕೊಳ್ಳುವುದು ರೂಢಿ. ಚರ್ಮದ ದಪ್ಪ, ಗಾಯ ಮಾಯುವ ಬಗೆ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ.

ಮೊದಲು ಮಾದರಿ, ಆಮೇಲೆ ಕತ್ತಿ ಎನ್ನುವ ಈ ಕ್ರಮ ಹೊಸದೇನಲ್ಲ. 1792ರ ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ, ಇಂಗ್ಲಿಷರ ಪಡೆಯ ಕೋವಾಸ್‌ಜೀ ಎಂಬ ಎತ್ತಿನವನಿಗೆ ಪುಣೆಯ ಸುತ್ತಿನ ಕುಶಲಕರ್ಮಿಯೊಬ್ಬ ಹೊಸ ಮೂಗು ಕಟ್ಟಿದ ವರ್ಣನೆ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝಿನ್‌ನಲ್ಲಿ ಅಚ್ಚಾಯಿತು. ಅದರಲ್ಲೂ ಮೊದಲ ಹೆಜ್ಜೆ ಮೇಣದ ತೆಳು ಹಾಳೆ. ಅದನ್ನು ಮೂಗಿನ ಜಾಗಕ್ಕೆ ಒತ್ತಿ ಆಕಾರ ಕೊಟ್ಟು, ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಎಷ್ಟು ಚರ್ಮ ಬೇಕೆಂದು ತಿಳಿದ ಮೇಲೆಯೇ ಕೊಯ್ದದ್ದು.

ಮೃದ್ವಸ್ಥಿಯ ಜಮಾ ಖರ್ಚು

ಮೂಗಿನಲ್ಲಿ ಏನಾದರೂ ಕಟ್ಟಬೇಕಾದರೆ ಸಾಮಾನು ಬೇಕು. ಸಾಮಾನ್ಯವಾಗಿ ಅದು ಸೆಪ್ಟಮ್ಮಿನ ಒಳಭಾಗದಿಂದಲೇ ಸಿಗುತ್ತದೆ. ಆದರೆ ಮೇಲಂಚು ಮತ್ತು ಮುಂದಂಚಿನಲ್ಲಿ ತಲಾ 10 ಮಿ.ಮೀ, ಸಾಧ್ಯವಾದರೆ 12ರಿಂದ 15 ಮಿ.ಮೀ ಅಗಲದ ಎಲ್ ಆಕಾರದ ಪಟ್ಟಿಯನ್ನು ಮುಟ್ಟದೆ ಬಿಡಬೇಕು. ಆಸೆಗೆ ಬಿದ್ದು ಅದಕ್ಕಿಂತ ಕಡಿಮೆ ಉಳಿಸಿದರೆ ವರ್ಷ ಕಳೆಯುವಷ್ಟರಲ್ಲಿ ಮೂಗು ಕುದುರೆಯ ಜೀನಿನಂತೆ ನಡುವೆ ತಗ್ಗುತ್ತದೆ.

ಈಕೆಗೆ ಬೇಕಾಗಿದ್ದುದು: ತುದಿಯನ್ನು ಹೊರುವ ಸೆಪ್ಟಲ್ ಎಕ್ಸ್‌ಟೆನ್ಷನ್ ಗ್ರಾಫ್ಟ್ ಒಂದು, ಸುಮಾರು 17 × 11 ಮಿ.ಮೀ; ಸ್ಪ್ರೆಡರ್ ಪಟ್ಟಿ ಎರಡು, ತಲಾ 20 × 3 ಮಿ.ಮೀ, ರೇಡಿಕ್ಸ್ ತುಂಬಲು ಜಜ್ಜಿದ ಚೂರು. ಹತ್ತಿ ಸುತ್ತಿದ ಕಡ್ಡಿಯಿಂದ ಸೆಪ್ಟಮ್ಮನ್ನು ಒತ್ತಿ ನೋಡಿದಾಗ ನಡುಭಾಗ ಬಟ್ಟೆಯಂತೆ ಮೆತ್ತಗಿತ್ತು. ಹಳೆಯ ಪೆಟ್ಟಿನಲ್ಲಿ ಅಲ್ಲಿಯ ಮೃದ್ವಸ್ಥಿ ಕರಗಿ ಬರೀ ಪೊರೆ ಉಳಿದಿರಬಹುದು ಎಂಬುದರ ಸೂಚನೆ ಇದು. ಸಿ.ಟಿ. ಸ್ಕ್ಯಾನ್ ಎಲುಬನ್ನು ತೋರಿಸುತ್ತದೆ. ಮೃದ್ವಸ್ಥಿ ಎಷ್ಟು ಉಳಿದಿದೆ ಎಂಬುದನ್ನು ನಂಬುವಂತೆ ಹೇಳುವುದಿಲ್ಲ. ಬೆರಳೇ ಇಲ್ಲಿ ಹೆಚ್ಚು ನಂಬಿಕಸ್ಥ. ಹೀಗಾಗಿ ಒಪ್ಪಿಗೆ ಪತ್ರದಲ್ಲಿ ಕಿವಿ ಮತ್ತು ಪಕ್ಕೆಲುಬು ಎರಡರ ಮೃದ್ವಸ್ಥಿಯನ್ನೂ ಸೇರಿಸಿದರು. ಪಕ್ಕೆಲುಬು ಎಂದಾಗ ಆಕೆ ತಡೆದು, "ಆಗಲಿ, ಆದ್ರೆ ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ" ಎಂದರು. ಆ ಮಾತನ್ನು ಹಾಗೆಯೇ ಪತ್ರದಲ್ಲಿ ಬರೆದುಕೊಂಡದ್ದು ಮುಂದೆ ಕೆಲಸಕ್ಕೆ ಬಂತು. ರೋಗಿಗೆ ಪ್ರಜ್ಞೆ ತಪ್ಪಿಸಿದ ಮೇಲೆ ಎದುರಾಗುವ ಕೊರತೆಗೆ ಅವರ ಅಭಿಪ್ರಾಯ ಕೇಳಲಾಗುವುದಿಲ್ಲ.

ಆಪರೇಷನ್ನಿಗೆ ಎರಡು ವಾರ ಮುಂಚೆ, ರಕ್ತ ಹೆಚ್ಚು ಹರಿಸಬಹುದಾದ ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್ ಎಲ್ಲ ಬಂದ್. ಮುಟ್ಟಿನ ನೋವಿಗೆ ತೆಗೆದುಕೊಳ್ಳುತ್ತಿದ್ದ ಐಬುಪ್ರೊಫೆನ್ ಬದಲು ಪ್ಯಾರಾಸಿಟಮಾಲ್. ಚರ್ಮದ ಎಣ್ಣೆ ತಗ್ಗಿಸಲು ಐಸೊಟ್ರೆಟಿನಾಯಿನ್ ಕೊಡುವ ಸಲಹೆಯೂ ಬಂದಿತ್ತು. ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುವ ಔಷಧಿ ಅದು, ಮದುವೆಯ ಮಾತುಕತೆ ನಡೆಯುತ್ತಿರುವ ಮನೆ. ಅದನ್ನು ಕೈಬಿಟ್ಟರು.

ಓಟಿಯಲ್ಲಿ

ಗೆರೆಗಳನ್ನೆಲ್ಲ ಇಂಜೆಕ್ಷನ್ನಿಗೆ ಮುಂಚೆಯೇ ಎಳೆದುಕೊಳ್ಳಬೇಕು, ಯಾಕೆಂದರೆ ಔಷಧಿ ತುಂಬಿದ ಮೂಗು ಉಬ್ಬಿ ಅಳತೆ ಕೆಡುತ್ತದೆ. ಪೂರ್ಣ ಅರಿವಳಿಕೆಯ ಮೇಲೆ, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ 1,00,000ಕ್ಕೆ 1 ಭಾಗ ಬೆರೆಸಿದ ಲಿಗ್ನೊಕೇಯ್ನ್ 8 ಮಿ.ಲೀ ಕೊಟ್ಟು ಹನ್ನೆರಡು ನಿಮಿಷ ಕಾದರು. ಆ ಕಾಯುವಿಕೆಯಲ್ಲಿ ಆತುರ ಮಾಡಿದರೆ ಮುಂದಿನ ಮೂರು ಗಂಟೆ ರಕ್ತ ಒರೆಸುತ್ತಲೇ ಇರಬೇಕು. ಹೊಳ್ಳೆಗಳ ನಡುವಿನ ಕಂಬದ ಮೇಲೆ ತಲೆಕೆಳಗಾದ ವಿ ಆಕಾರದ ಗೆರೆ ಹಾಕಿ ಮೂಗನ್ನು ತೆರೆದರು.

ಸೆಪ್ಟಮ್ಮಿನಿಂದ ಸಿಕ್ಕಿದ್ದು ಭಯಪಟ್ಟಷ್ಟೇ: ಚಪ್ಪಟೆಯಾಗಿ, ಗಟ್ಟಿಯಾಗಿ ಇದ್ದ ತುಂಡು 17 × 11 ಮಿ.ಮೀ ಒಂದೇ. ನಡುವೆ ಗಾಯದ ಪೊರೆ. ತಳದ ಎಲುಬಿನ ಅಂಚಿನಿಂದ 20 × 3 ಮಿ.ಮೀ ದಪ್ಪ ಪಟ್ಟಿಯೊಂದು ಬಂತು. ಹಿಂದಿನ ತೆಳು ಎಲುಬಿನ ಹಾಳೆಯಿಂದ 15 × 8 ಮಿ.ಮೀ ಚೂರು.

ಪಕ್ಕೆಲುಬಿಗೆ ಹೋಗಬೇಕೇ? ಇಪ್ಪತ್ತೇಳರ ವಯಸ್ಸಿನಲ್ಲಿ ಅದು ಸುಣ್ಣಗಟ್ಟಿರುವುದಿಲ್ಲ, ಬೇಕಾದಷ್ಟು ಸಿಗುತ್ತದೆ. ಎದೆಯ ಮೇಲೆ ಗಾಯದ ಗೆರೆ, ಒಂದೆರಡು ವಾರ ನೋವು, ಶ್ವಾಸಕೋಶದ ಪೊರೆಗೆ ತೂತು ಬೀಳುವ ಸಣ್ಣ ಅಪಾಯ, ಕೆತ್ತಿದ ತುಂಡು ತಿಂಗಳುಗಳ ಮೇಲೆ ಬಾಗುವ ಸಾಧ್ಯತೆ, ಇವೆಲ್ಲ ಅದರ ಬೆಲೆ. "ಬೇರೆ ದಾರಿನೇ ಇಲ್ಲ" ಎಂಬ ಹಂತ ಇನ್ನೂ ಬಂದಿರಲಿಲ್ಲ. ಭಾರ ಹೊರುವ ಕೆಲಸಕ್ಕೆ ಒಳ್ಳೆಯ ಸಾಮಾನು, ಜಾಗ ತುಂಬುವ ಕೆಲಸಕ್ಕೆ ಎರಡನೇ ದರ್ಜೆಯದು ಎಂದು ಹಂಚಿದರು. 17 × 11ರ ತುಂಡು ತುದಿಗೆ. ತಳದ ಪಟ್ಟಿ ಕುಸಿದಿದ್ದ ಎಡಗವಾಟಕ್ಕೆ. ಎಲುಬಿನ ಹಾಳೆಗೆ ಸೂಜಿಯಿಂದ ತೂತು ಕೊರೆದು, ಜಾರಿದ್ದ ಸೆಪ್ಟಮ್ಮಿನ ಮುಂದಂಚನ್ನು ನೆಟ್ಟಗೆ ಹಿಡಿಯುವ ದಬ್ಬೆಯಂತೆ ಹೊಲಿದರು. ಬಲಗಡೆಯ ಸ್ಪ್ರೆಡರಿಗೆ ಮತ್ತು ರೇಡಿಕ್ಸಿಗೆ ಕಿವಿಯ ಬಟ್ಟಲಿನ ಮೃದ್ವಸ್ಥಿ. ಅದು ಹುಟ್ಟಾ ಸುರುಳಿ, ಮೆತ್ತನೆಯದು. ಭಾರ ಹೊರಲು ಬಾರದು, ಕವಾಟ ಚೆನ್ನಾಗಿಯೇ ಇದ್ದ ಬಲಬದಿಯಲ್ಲಿ ಸಮತೋಲಕ್ಕೆ ಸಾಕು.

ಸೆಪ್ಟಮ್ಮಿನ ತಳದಲ್ಲಿ ಹೆಚ್ಚಾಗಿದ್ದ 2 ಮಿ.ಮೀ ಕತ್ತರಿಸಿ, ಮಧ್ಯಕ್ಕೆ ತಂದು, ಎಲುಬಿನ ಮುಳ್ಳಿಗೆ ಕಟ್ಟಿದರು. ಏಣಿನ ಎಲುಬನ್ನು 1 ಮಿ.ಮೀ ಅರದಿಂದ ಇಳಿಸಿದ್ದು ಪಕ್ಕದ ಎಲುಬುಗಳನ್ನು ಉಳಿಯಿಂದ ಸಡಿಲಿಸುವ ಮುಂಚೆ. ಸಡಿಲವಾದ ಎಲುಬಿನ ಮೇಲೆ ಅರ ಆಡಿಸಿದರೆ ಅದು ಒಳಗೆ ಕುಸಿಯುತ್ತದೆ. ಆದರೆ ಮೃದ್ವಸ್ಥಿಯ ಭಾಗವನ್ನು ಬೇಕೆಂದೇ ತುಸು ಎತ್ತರ ಬಿಟ್ಟು, ತುದಿ ಹೊಸ ಜಾಗದಲ್ಲಿ ನಿಂತ ಮೇಲೆ ಅದಕ್ಕೆ ತಕ್ಕಂತೆ ಹೆರೆದರು. ಮೊದಲೇ ಪೂರ್ತಿ ಹೆರೆದಿದ್ದರೆ, ತುದಿ ಎತ್ತಿದಾಗ ನಡುವೆ ಹಳ್ಳ ಬೀಳುತ್ತಿತ್ತು. ಮುಗಿದಾಗ ತುಟಿಯ ಕೋನ 102 ಡಿಗ್ರಿ. ಊತ ಇಳಿದು ಹೊಲಿಗೆ ಸಡಿಲಾದಂತೆ ನಾಲ್ಕೈದು ಡಿಗ್ರಿ ಕೆಳಗೆ ಬರಲೆಂದೇ ಹೆಚ್ಚು ಇಟ್ಟದ್ದು. ಹೊಳ್ಳೆಯ ಅಗಲ 38 ಮಿ.ಮೀಗೆ ಇಳಿದಿತ್ತು, ಬುಡಕ್ಕೆ ಕತ್ತಿ ತಾಗಿಸಲಿಲ್ಲ.

ಆಮೇಲೆ ನಡೆದದ್ದು

ಏಳನೇ ದಿನ ಹೊರಗಿನ ಪಟ್ಟಿ, ಕಂಬದ ಹೊಲಿಗೆ, ಒಳಗಿನ ಸಿಲಿಕೋನ್ ಹಾಳೆ ತೆಗೆದರು. ಅಂದು ತಾಯಿ ಮಗಳ ಮುಖ ನೋಡಿ ಅತ್ತರು: "ಹಂದಿ ಮೂಗಿನ ಥರ ಮೇಲೆದ್ದುಬಿಟ್ಟಿದೆ ಡಾಕ್ಟ್ರೇ!" ಮಗಳಿಗೆ ಇದು ತಾತ್ಕಾಲಿಕ ಎಂದು ಗೊತ್ತಿತ್ತು. ತಾಯಿಗೆ ಯಾರೂ ಹೇಳಿರಲಿಲ್ಲ. ತುದಿ ಎತ್ತುವ ವಿಷಯವೇ ಅವರ ಕಿವಿಗೆ ಸರಿಯಾಗಿ ಬಿದ್ದಿರಲಿಲ್ಲ, ಎರಡನೇ ಚಿತ್ರವನ್ನೂ ನೋಡಿರಲಿಲ್ಲ. ಅವರ ತಲೆಯಲ್ಲಿದ್ದದ್ದು ಇನ್ನೂ ಆ "ಗಂಟು" ಮಾತ್ರ.

ಪೂರ್ತಿ ಊತ ಇಳಿಯದಂತೆ ಮಾಡಿದ ತಪ್ಪು ಇನ್ನೊಂದು ಕಡೆ ಆಯಿತು. ರಾತ್ರಿ ಹೊತ್ತು ತುದಿಯ ಮೇಲ್ಭಾಗಕ್ಕೆ ಪೇಪರ್ ಟೇಪ್ ಒತ್ತಿ ಅಂಟಿಸಬೇಕಿದ್ದದ್ದು ಆರು ವಾರ. ಮೊಡವೆ ಎದ್ದಿತೆಂದು ಮೂರನೇ ವಾರವೇ ನಿಲ್ಲಿಸಿದ್ದರು. ಎಣ್ಣೆ ಚರ್ಮಕ್ಕೆ ದಿನವೂ ಟೇಪ್ ಹಾಕಿದರೆ ಹೀಗಾಗುವುದು ಮೊದಲೇ ಊಹಿಸಬಹುದಾಗಿತ್ತು, ಬದಲಿ ವ್ಯವಸ್ಥೆ ಹೇಳಿಕೊಟ್ಟಿರಲಿಲ್ಲ. ಎಂಟನೇ ವಾರಕ್ಕೆ ತುದಿಯ ಮೇಲೆ ಮೆತ್ತನೆಯ ಉಬ್ಬು ಕೈಗೆ ಸಿಕ್ಕಿತು. ಪ್ರತಿ ಮಿ.ಲೀಗೆ 10 ಮಿ.ಗ್ರಾಂ ಇರುವ ಟ್ರಯಾಮ್ಸಿನಲೋನ್ ಎಂಬ ಸ್ಟೀರಾಯ್ಡ್ 0.1 ಮಿ.ಲೀ ಚುಚ್ಚಿದರು, ಚರ್ಮದೊಳಗೆ ಅಲ್ಲ, ಅದರ ಕೆಳಗೆ ಮೃದ್ವಸ್ಥಿಗೆ ತಾಗಿದಂತೆ. ಮೇಲೆಯೇ ಚುಚ್ಚಿದರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ. ಹದಿನಾಲ್ಕನೇ ವಾರ ಇನ್ನೊಮ್ಮೆ. ಒಂಬತ್ತನೇ ತಿಂಗಳಿಗೆ ಉಬ್ಬು ಬಹುಪಾಲು ಕರಗಿತು.

ಹನ್ನೆರಡನೇ ತಿಂಗಳ ಅಳತೆಗಳು: ತುಟಿಯ ಕೋನ 97 ಡಿಗ್ರಿ, ನಕ್ಕಾಗ 95. ಉದ್ದ 49, ಚಾಚು 28 ಮಿ.ಮೀ, ಅನುಪಾತ 0.57. ಉಸಿರಿನ ಅಂಕ 15. ಮೂಗು ಮಧ್ಯಕ್ಕೆ ಬಂದಿದೆ. ಬಲಬದಿಯ ನಡುಭಾಗ ಮಾತ್ರ ಎಡಕ್ಕಿಂತ ಸುಮಾರು ಅರ್ಧ ಮಿ.ಮೀ ದಪ್ಪ, ಕಿವಿಯ ಮೃದ್ವಸ್ಥಿ ತನ್ನ ಸುರುಳಿಯನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಆಕೆ ಅದನ್ನು ಗಮನಿಸಿಲ್ಲ, ಫೋಟೊ ಹಿಡಿದಿದೆ. ತುದಿ ಮೊದಲಿನಂತೆ ಬಾಗದೆ ಬಿಗಿಯಾಗಿರುವುದು ಅಭ್ಯಾಸವಾಗಲು ಐದಾರು ತಿಂಗಳು ಬೇಕಾಯಿತು. ನಗುವಾಗ ಮೇಲ್ದುಟಿ ಎಳೆದಂತಾಗುತ್ತದೆ ಎಂದು ಎರಡು ಸಲ ಹೇಳಿದ್ದರು. ಎಕ್ಸ್‌ಟೆನ್ಷನ್ ಗ್ರಾಫ್ಟ್ ಹಾಕುವ ಮುನ್ನ ಈ ಬಿಗಿತದ ಬಗ್ಗೆ ಹೇಳಿರಲೇಬೇಕು, ಇಲ್ಲಿ ಹೇಳಿದ್ದರಿಂದ ಅದು ದೂರು ಆಗದೆ ಪ್ರಶ್ನೆಯಾಗಿಯೇ ಉಳಿಯಿತು.

ಮರಳಿ ನೋಡಿದರೆ

ಡ್ರಾಪ್ಸಿಗಾಗಿ ಆರು ವಾರ ಕಾದದ್ದು ಟರ್ಬಿನೇಟನ್ನು ಉಳಿಸಿತು. ಗಂಡಿನ ಕಡೆಯವರು ಬರುವ ತಾರೀಕಿಗೆ ಆಪರೇಷನ್ ಹೊಂದಿಸಲು ಒಪ್ಪದೆ ಇದ್ದದ್ದೂ ಸರಿಯೇ: ಆಷಾಢ ಕಳೆದು ಬಂದವರು ನೋಡಿದ್ದು ಹಳೆಯ ಮೂಗನ್ನೇ, ಸಂಬಂಧ ಕುದುರಿದ್ದೂ ಆಗಲೇ. ದಪ್ಪ ಚರ್ಮದ ಮೂಗಿನಲ್ಲಿ ತುದಿಯ ಊತ ಇಳಿಯಲು ವರ್ಷ, ಒಮ್ಮೊಮ್ಮೆ ಒಂದೂವರೆ ವರ್ಷ ಬೇಕು. ಆರು ತಿಂಗಳ ಒಳಗೆ ಫೋಟೊಗೆ ನಿಲ್ಲುವ ಮೂಗನ್ನು ಯಾರೂ ಮಾತು ಕೊಡಬಾರದು.

ಮಗಳನ್ನು ಒಂಟಿಯಾಗಿ ಮಾತಾಡಿಸಿದ್ದು ಯೋಜನೆಯನ್ನು ಉಳಿಸಿತು, ಅದೇ ನಿರ್ಧಾರ ಏಳನೇ ದಿನದ ಅಳುವಿಗೂ ಕಾರಣವಾಯಿತು. ಒಂಟಿ ಮಾತುಕತೆ ಮೊದಲ ಭೇಟಿಗೆ ಬೇಕು. ಕೊನೆಯ ಭೇಟಿಯಲ್ಲಿ, ರೋಗಿ ಒಪ್ಪಿದರೆ, ಮನೆಯಲ್ಲಿ ಆರೈಕೆ ಮಾಡುವವರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಅದೇ ಚಿತ್ರ, ಅದೇ ಕೋನ, ಮೊದಲ ತಿಂಗಳು ಮೂಗು ಹೇಗೆ ಕಾಣುತ್ತದೆ ಎಂಬುದನ್ನು ತೋರಿಸಬೇಕಿತ್ತು. ಟೇಪ್ ಯಾಕೆ ಬಿಡಬಾರದು ಎಂದು ತಾಯಿಗೆ ಗೊತ್ತಿದ್ದರೆ ಮೂರನೇ ವಾರದಲ್ಲಿ ಫೋನಾದರೂ ಬರುತ್ತಿತ್ತೇನೋ.

ಬಲಗಡೆಯ ಅರ್ಧ ಮಿ.ಮೀ ಪಕ್ಕೆಲುಬು ತೆಗೆದಿದ್ದರೆ ಬರುತ್ತಿರಲಿಲ್ಲ ಎಂದು ವಾದಿಸಬಹುದು. ಆದರೆ ರೋಗಿ ಬರೆಸಿದ ಷರತ್ತಿನ ಮುಂದೆ ಅದಕ್ಕೆ ಅಷ್ಟು ತೂಕ ಇಲ್ಲ.

ಮೂಗುಬೊಟ್ಟಿನ ಹಳೆಯ ರಂಧ್ರ ಅಷ್ಟರಲ್ಲಿ ಮುಚ್ಚಿಕೊಂಡಿತ್ತು. ಆರು ತಿಂಗಳ ನಂತರ, ಗನ್ ಬಳಸದೆ ಸೂಜಿಯಿಂದ, ಅದೇ ಜಾಗದಲ್ಲಿ ಚುಚ್ಚಿಸಿಕೊಳ್ಳಲು ಒಪ್ಪಿಗೆ ಕೊಟ್ಟರು. ಹನ್ನೆರಡನೇ ತಿಂಗಳ ಭೇಟಿಯಲ್ಲಿ ತಾಯಿ ಹೊಳ್ಳೆ ಸ್ವಲ್ಪ ಕಿರಿದು ಮಾಡಬಹುದಲ್ಲ ಎಂದು ಕೇಳಿದರು. "ಬೇಡಮ್ಮ, ಇಷ್ಟೇ ಸಾಕು" ಎಂದರು ಮಗಳು. ಮುಂದಿನ ಭೇಟಿ ಹದಿನೆಂಟನೇ ತಿಂಗಳಿಗೆ, ಬಲಬದಿಯ ಫೋಟೊ ಮತ್ತೊಮ್ಮೆ ತೆಗೆಯಲು.